ಎಲ್ಲರಿಗೂ ಒಂದೇ ಕೈ

೧.

ಎಲ್ಲಿಂದ ಶುರು ಮಾಡಲಿ ಹೇಳಿ. ಮಂಜಿನಿಂದ ಶುರು ಮಾಡಿದರೆ ನೀವು ದೆವ್ವದ ಕಥೆ ಅಂದುಕೊಂಡು ಕಾಲು ಮೇಲೆತ್ತಿಕೊಂಡು ಕೂರುತ್ತೀರಿ. ಗಂಡ ಹೆಂಡತಿಯಿಂದ ಶುರು ಮಾಡಿದರೆ, ಅಯ್ಯೋ ಮತ್ತೆ ಸಂಸಾರದ ಗೋಳು ಎಂದು ಮೂಗು ಮುರಿಯುತ್ತೀರಿ. ನನ್ನ ಬಳಿ ಎರಡೂ ಇವೆ, ಅದೇ ತಾಪತ್ರಯ.

ಮೊದಲ ಡ್ರಾಫ್ಟು ಹೀಗೆ ಶುರುವಾಗಿತ್ತು: "ಹೊಳೆಯ ಮೇಲೆ ಮಂಜು ಇಳಿಯುತ್ತಿದ್ದಂತೆ, ಮುಳುಗಿ ಸತ್ತ ದೋಣಿಯವನು ಬಂದು ಬಾಗಿಲು ತಟ್ಟಿದ." ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ನೋಡಿದರೆ ಅದು ನನ್ನ ವಾಕ್ಯವೇ ಅಲ್ಲ, ನನ್ನ ಕಥಾನಾಯಕಿ ಆಡುತ್ತಿರುವ ಗೇಮಿನದು. ಯಾರೂ ನೋಡುವ ಮೊದಲೇ ಅಳಿಸಿದೆ.

ಎರಡನೇ ಡ್ರಾಫ್ಟಿನಲ್ಲಿ ಕಥಾನಾಯಕಿ ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಅವಳೇ ನನ್ನ ಕಡೆ ತಿರುಗಿ, "ನಾನ್ಯಾಕೆ ನಿಟ್ಟುಸಿರು ಬಿಡ್ಲಿ? ನನಗೇನು ಧಾಡಿ? ಸುಮ್ನೆ ಗೇಮ್ ಶುರು ಮಾಡಿಸು" ಎಂದಳು.

ಸರಿ ತಾಯಿ ಎಂದೆ.

೨.

ಭಾನುವಾರ ಮಧ್ಯಾಹ್ನ. ಮೂರನೇ ಮಹಡಿಯ ಮನೆ. ಸೋಫಾದ ಮೇಲೆ ಗಂಡ ಹೆಂಡತಿ, ಎದುರಿಗೆ ಟೀವಿ, ಟೀವಿಯಿಂದ ಲ್ಯಾಪ್‌ಟಾಪಿಗೆ ಒಂದು ವೈರು. ಹೆದರಿಕೆಯ ಗೇಮು ಆದ್ದರಿಂದ ಕಿಟಕಿಯ ಪರದೆ ಎಳೆದಿದ್ದರು. ಅವಳ ಅತ್ತೆ ಬಂದು, "ಹಾಡುಹಗಲಲ್ಲೇ ಇದೇನು ಕತ್ತಲೆ?" ಎಂದು ಪರದೆ ಸರಿಸಿ ಹೋದರು. (ಹೀಗಾದರೆ ನಾನು ಭಯ ಹುಟ್ಟಿಸುವುದು ಹೇಗೆ?)

ಅವಳು ಕೃತಕ ಕೈ ಮಾಡುವವಳು. ಅಪಘಾತದಲ್ಲಿ ಕೈ ಹೋದವರು ಅವಳ ವರ್ಕ್‌ಶಾಪಿಗೆ ಬರುತ್ತಾರೆ. ಉಳಿದಿರುವ ಕೈಯ ಅಚ್ಚು ತೆಗೆದು, ಅದಕ್ಕೆ ಜೋಡಿಯಾಗುವಂತೆ ಇನ್ನೊಂದನ್ನು ಮಾಡಿ, ಚರ್ಮದ ಬಣ್ಣ ಹೊಂದಿಸಿ, ನರಗಳನ್ನೂ ಉಗುರಿನ ಬಿಳಿಯನ್ನೂ ಕುಂಚದಲ್ಲಿ ಬರೆಯುತ್ತಾಳೆ. ಬಸ್ಸಿನಲ್ಲಿ ಜನರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಗಂಡನನ್ನು ಒಪ್ಪಿಕೊಂಡಿದ್ದೂ ಕೈ ನೋಡಿಯೇ ಅನ್ನುವುದು ಮನೆಯಲ್ಲಿ ಹಳೆಯ ತಮಾಷೆ.

ಗಂಡ ಬೇಕರಿಯವನು. ಕೆಳಗಿನ ಬೀದಿಯ ಬೇಕರಿಯಲ್ಲಿ ಅವನೇ ನಿಂತು ಕಟ್ಟಿಸಿದ ಇಟ್ಟಿಗೆ ಭಟ್ಟಿ ಇದೆ. ಅದರ ಬಾಗಿಲು ತೆಗೆಯದೆಯೇ, ಪಕ್ಕದಲ್ಲಿ ಅಂಗೈ ಹಿಡಿದು ಒಳಗಿನ ಬನ್ನು ಬೆಂದಿದೆಯೋ ಇಲ್ಲವೋ ಹೇಳಬಲ್ಲ. ಆ ಭಟ್ಟಿಯನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ದೂರದ ಇನ್ನೊಂದು ನಗರದ ಆಸ್ಪತ್ರೆಯವರು ಅವಳನ್ನು ಕರೆದಿದ್ದಾರೆ. ಮಕ್ಕಳಿಗೆ ಕೃತಕ ಕೈ ಮಾಡುವ ಹೊಸ ವಿಭಾಗ, ಅದಕ್ಕೆ ಅವಳೇ ಮುಖ್ಯಸ್ಥೆ. ಉತ್ತರ ನಾಳೆ ಕೊಡಬೇಕು. ಕರೆ ಬಂದ ದಿನ ಅವಳು ಗಂಡನನ್ನು ಕೇಳಿದಳು: "ಏನು ಮಾಡೋಣ?" ಅವನೆಂದ: "ನಿನ್ನಿಷ್ಟ." ಅವಳೆಂದಳು: "ನಿನ್ನಿಷ್ಟ ಕಣೋ." ಅವನೆಂದ: "ಇಲ್ಲ ಕಣೇ, ನಿನ್ನಿಷ್ಟ." ಹೀಗೆ ಇಬ್ಬರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟು ವಾರಗಟ್ಟಲೆ ಓಡಾಡಿದರು. ಜಗಳವಾಡಿದ್ದರೆ ಎಷ್ಟೋ ಮೇಲಿತ್ತು.

ಕೊನೆಗೆ ಪಂಥ ಕಟ್ಟಿದರು. ಗೇಮಿನ ಕೊಲೆಗಾರ ಯಾರೆಂದು ಯಾರ ಥಿಯರಿ ಸರಿಯಾಗುತ್ತದೋ, ಅವರು ಹೇಳಿದಂತೆ ನಡೆಯಬೇಕು. ಎರಡನೇ ಮಾತಿಲ್ಲ.

(ಓದುಗರೇ, ಬಾಳಿನ ಇಷ್ಟು ದೊಡ್ಡ ತೀರ್ಮಾನವನ್ನು ಯಾರಾದರೂ ಗೇಮಿಗೆ ಒಪ್ಪಿಸುತ್ತಾರಾ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ನೀನು ಸುಮ್ನಿರು" ಎಂದು ಇಬ್ಬರೂ ಒಟ್ಟಿಗೆ ಗದರಿದರು.)

೩.

ಗೇಮು ಎಂದರೆ ಓಡುವುದು, ಗುಂಡು ಹಾರಿಸುವುದು ಅಲ್ಲ. ಇದಕ್ಕೆ ವಿಷುಯಲ್ ನಾವೆಲ್ ಎನ್ನುತ್ತಾರೆ. ಪರದೆಯ ತುಂಬ ಒಂದು ಚಿತ್ರ. ಪಾತ್ರಗಳು ನಿಂತಲ್ಲೇ ನಿಂತಿರುತ್ತವೆ. ಕೆಳಗಿನ ಪೆಟ್ಟಿಗೆಯಲ್ಲಿ ಮಾತು ಮೂಡುತ್ತದೆ. ಬಟನ್ ಒತ್ತಿದರೆ ಮುಂದಿನ ಮಾತು. ಆಗಾಗ "ಈಗ ಏನು ಮಾಡುತ್ತೀರಿ?" ಎಂದು ಕೇಳಿ ಎರಡು ಮೂರು ದಾರಿ ತೋರಿಸುತ್ತದೆ. "ಇದೆಂಥ ಸೀರಿಯಲ್ಲು? ಒಬ್ಬರೂ ಕೂತ್ಕೊಳ್ಳಲ್ಲ, ಏಳಲ್ಲ, ಬಾಯಿನೂ ಆಡಿಸಲ್ಲ" ಎಂದು ಅತ್ತೆ ಮೊದಲ ದಿನವೇ ಷರಾ ಬರೆದಿದ್ದರು. ಆದರೂ ಒಂದು ಭಾನುವಾರವೂ ತಪ್ಪಿಸಿದವರಲ್ಲ.

ಕಥೆ ಇಷ್ಟು: ಹೊಳೆಯಾಚೆ ಒಂದು ಹಳ್ಳಿ. ಮಂಜು ಇಳಿದಾಗಲೆಲ್ಲ ಒಬ್ಬರು ಕಾಣೆಯಾಗುತ್ತಾರೆ, ಹೊಸ್ತಿಲಲ್ಲಿ ಅವರ ಚಪ್ಪಲಿ ಮಾತ್ರ ಉಳಿದಿರುತ್ತದೆ. ಅನುಮಾನ ಬರುವಂಥವರು ನಾಲ್ವರು: ಅಂಗಡಿಯವನು, ಸೂಲಗಿತ್ತಿ, ಮೇಷ್ಟ್ರು, ಅಂಚೆಯವನು. ಜೊತೆಗೆ ಹಿಂದೆಂದೋ ಹೊಳೆಯಲ್ಲಿ ಮುಳುಗಿದ ಒಬ್ಬ ದೋಣಿಯವನು. ಅವನ ಹೆಣ ಯಾರಿಗೂ ಸಿಕ್ಕಿಲ್ಲ.

"ಅಂಗಡಿಯವನೇ," ಎಂದಳು ಅವಳು, ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ. "ಬಲಗೈ ಕಿರುಬೆರಳು ನೋಡು. ನಡುಗೆಣ್ಣಲ್ಲಿ ಒಳಕ್ಕೆ ಸೊಟ್ಟ. ಈಗ ದೋಣಿಯವನ ಹಳೇ ಫೋಟೋ ನೋಡು. ಅದೇ ಸೊಟ್ಟ, ಅದೇ ಗೆಣ್ಣು. ಒಬ್ಬನದೇ ಎಡಗೈ ಬಲಗೈ ಒಂದಕ್ಕೊಂದು ಹೊಂದಲ್ಲ, ಇನ್ನು ಇಬ್ಬರ ಕೈ ಹೊಂದುತ್ತಾ? ದೋಣಿಯವನು ಸತ್ತೇ ಇಲ್ಲ. ಅಂಗಡಿಯವನನ್ನ ಮುಗಿಸಿ, ಗಡ್ಡ ಅಂಟಿಸ್ಕೊಂಡು, ಗಲ್ಲಾದ ಮೇಲೆ ಕೂತಿದಾನೆ."

"ನಿನಗೆ ಕೈ ಬಿಟ್ರೆ ಬೇರೇನೂ ಕಾಣಲ್ಲ," ಎಂದ ಅವನು. "ಸೂಲಗಿತ್ತಿ ಮನೆ ಮೇಜು ನೋಡು. ಅಲ್ಲೊಂದು ಬ್ರೆಡ್ ಇದೆ. ಮೇಲಿನ ಸಿಪ್ಪೆ ಎಷ್ಟು ಬಿಗಿಯಾಗಿದೆ! ಆ ಮಂಜಿನಲ್ಲಿ ಬೆಳಗ್ಗೆ ಇಟ್ಟಿದ್ದು ಸಂಜೆಗೆ ಮೆತ್ತಗಾಗುತ್ತೆ. ಅವಳು ನೋಡಿದ್ರೆ, ಮೂರು ದಿನದಿಂದ ಮನೇಲೇ ಇರ್ಲಿಲ್ಲ ಅಂತಾಳೆ. ಹಸಿ ಸುಳ್ಳು!"

"ಬ್ರೆಡ್ ನೋಡಿ ಕೊಲೆ ಹಿಡೀತಾನಂತೆ!"

"ಬೆರಳು ನೋಡಿ ಹಿಡಿಯೋರು ಇದಾರಲ್ಲ!"

"ನನಗ್ಯಾಕೋ ಆ ಮೇಷ್ಟ್ರ ಮೇಲೇ," ಎಂದರು ಅತ್ತೆ ಅಡುಗೆಮನೆಯಿಂದ. ಹೋದ ವಾರ ಅಂಚೆಯವನ ಮೇಲಿತ್ತು.

ಅವಳಿಗೆ ತನ್ನ ಥಿಯರಿಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಾವಿರಾರು ಕೈ ನೋಡಿದವಳು. ಗೆದ್ದೇ ಗೆಲ್ಲುತ್ತೇನೆ, ಗೆದ್ದು "ಹೋಗೋಣ" ಎನ್ನುತ್ತೇನೆ ಎಂದು ಮನಸ್ಸಿನಲ್ಲೇ ಬಟ್ಟೆ ಮಡಚಲು ಶುರು ಮಾಡಿದ್ದಳು.

೩ (ಮತ್ತೆ).

ಇಲ್ಲಿ ನಾನು ಅಡುಗೆಮನೆಯ ನಲ್ಲಿಯಿಂದ ಕಪ್ಪು ನೀರು ಬರಿಸಬೇಕೆಂದಿದ್ದೆ. ಹೊಸ್ತಿಲಲ್ಲಿ ಯಾರದೋ ಒದ್ದೆ ಚಪ್ಪಲಿಯನ್ನೂ ಇಡಬೇಕೆಂದಿದ್ದೆ. ಆಧುನಿಕೋತ್ತರ ಕಥೆ ನೋಡಿ, ಗೇಮು ಯಾವುದು ಮನೆ ಯಾವುದು ಎಂದು ನಿಮ್ಮ ತಲೆ ಕೆಡಿಸುವುದು ನನ್ನ ಹಕ್ಕು. ನಲ್ಲಿ ತಿರುಗಿಸಲು ಹೋದೆ. "ಅಲ್ಲೇನು ಕೆಲಸ ನಿನಗೆ?" ಎಂದರು ಅತ್ತೆ. ವಾಪಸು ಬಂದೆ.

೪.

ಕೊನೆಯ ಅಧ್ಯಾಯ. ಪರದೆ ಕಪ್ಪಾಯಿತು. ಪೆಟ್ಟಿಗೆಯಲ್ಲಿ ಮೂಡಿತು: "ಅಪರಾಧಿ ಯಾರು? ಹೆಸರಿಸಿ." ಕೆಳಗೆ ನಾಲ್ವರ ಮುಖ.

"ನಿನ್ನದೇ ಮೊದಲು ಒತ್ತು," ಎಂದ ಅವನು. "ತಪ್ಪಾದ್ರೆ ಅದೇ ಹೇಳುತ್ತೆ."

ಅವಳು ಅಂಗಡಿಯವನನ್ನು ಒತ್ತಿದಳು. ಅಂಗಡಿಯವನು ಸೊಟ್ಟ ಬೆರಳಿನ ಕೈಯಲ್ಲಿ ಗಡ್ಡ ಕಿತ್ತ. ಒಳಗಿಂದ ದೋಣಿಯವನ ಮುಖ! "ಹೌದು, ನಾನೇ" ಎಂದ. ದೊಡ್ಡ ಅಕ್ಷರದಲ್ಲಿ ಬಂತು: ಸತ್ಯ ಬಯಲಾಯಿತು.

ಅವಳು ಸೋಫಾದ ಮೇಲೆ ಎದ್ದು ನಿಂತು ಕುಣಿದಳು. "ಹೇಳಿದ್ನಾ ಇಲ್ವಾ? ಹೇಳಿದ್ನಾ ಇಲ್ವಾ?"

"ಹೇಳಿದ್ದೆ ಕಣೇ. ಗೆದ್ದೆ." ಅವನು ನಕ್ಕ. ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ. ನೀರಿನ ಸದ್ದಿನ ನಡುವೆ ಅವನ ದನಿ ಮಾಮೂಲಾಗಿಯೇ ಕೇಳಿಸಿತು: "ಹಾಗಾದ್ರೆ ಭಟ್ಟಿ ಒಡೆಯೋಕೆ ನಾಳೆ ಯಾರಿಗಾದ್ರೂ ಹೇಳ್ತೀನಿ. ಇಟ್ಟಿಗೆ ಚೆನ್ನಾಗಿದೆ, ಯಾರಾದ್ರೂ ತಗೋತಾರೆ."

ಅವಳು ಸೋಫಾದಿಂದ ಇಳಿದಳು. ಗೆದ್ದ ಖುಷಿ ಅರ್ಧಕ್ಕರ್ಧ ಇಳಿದುಹೋಯಿತು.

(ಇಲ್ಲಿಗೇ ಕಥೆ ಮುಗಿಸಬಹುದಿತ್ತು. ಪೆನ್ನಿನ ಮುಚ್ಚಳವನ್ನೂ ಹಾಕಿದ್ದೆ. ಆದರೆ ಅತ್ತೆ.)

"ಅಲ್ಲಮ್ಮಾ," ಎಂದರು ಅತ್ತೆ, ಸೋಫಾದ ತುದಿಯಲ್ಲಿ ಕುಳಿತು, "ಆ ಮೇಷ್ಟ್ರನ್ನ ಒತ್ತಿದ್ರೆ ಏನಾಗ್ತಿತ್ತು? ಒಂದ್ಸಲ ಒತ್ತು, ನೋಡೋಣ."

ಹಿಂದಕ್ಕೆ ಹೋಗಿ ಮೇಷ್ಟ್ರನ್ನು ಒತ್ತಿದಳು. ಮೇಷ್ಟ್ರು ಕನ್ನಡಕ ತೆಗೆದು "ಹೌದು, ನಾನೇ" ಎಂದರು. ಸತ್ಯ ಬಯಲಾಯಿತು.

ಅಂಚೆಯವನನ್ನು ಒತ್ತಿದಳು. "ಹೌದು, ನಾನೇ." ಸತ್ಯ ಬಯಲಾಯಿತು.

ಸೂಲಗಿತ್ತಿಯನ್ನು ಒತ್ತಿದಳು. ಅವಳು ಬ್ರೆಡ್ಡಿನ ಕಡೆ ಬೆರಳು ತೋರಿಸಿ, "ನಾನು ಮನೆಯಲ್ಲೇ ಇದ್ದೆ" ಎಂದು ಗಹಗಹಿಸಿದಳು. ಸತ್ಯ ಬಯಲಾಯಿತು.

"ಇವಳಿಗೂ ಅದೇ ಸೊಟ್ಟ ಬೆರಳಾ?" ಎಂದರು ಅತ್ತೆ. "ಮೇಷ್ಟ್ರಿಗೂ ಇತ್ತಪ್ಪ."

ಅವಳು ಒಂದೊಂದಾಗಿ ತಿರುಗಿಸಿ ನೋಡಿದಳು. ಮೇಷ್ಟ್ರಿಗೆ, ಅಂಚೆಯವನಿಗೆ, ಸೂಲಗಿತ್ತಿಗೆ, ಬಾವಿಕಟ್ಟೆಯ ಮೇಲಿನ ಮುದುಕಿಗೆ, ಎಲ್ಲರಿಗೂ ಅದೇ ಕೈ. ಚಿತ್ರ ಬರೆದವನು ಒಂದೇ ಒಂದು ಕೈ ಬರೆದು ಊರಿಗೆಲ್ಲ ಅಂಟಿಸಿದ್ದ. ಇಬ್ಬರ ಕೈ ಒಂದೇ ಆದೊಡನೆ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಮೂರನೆಯವರ ಕೈ ನೋಡಬೇಕೆಂದೇ ಹೊಳೆದಿರಲಿಲ್ಲ. ಬ್ರೆಡ್ಡೂ ಅಷ್ಟೇ, ಮೇಷ್ಟ್ರ ಮನೆಯ ಮೇಜಿನ ಮೇಲೂ ಅದೇ ಬಿಗಿ ಸಿಪ್ಪೆಯದು ಕೂತಿತ್ತು.

(ಆ ಚಿತ್ರಗಾರನನ್ನು ಬೈಯಬೇಡಿ. ನನ್ನ ಕಥೆಗಳ ಅತ್ತೆಯರೆಲ್ಲ ಅಡುಗೆಮನೆಯಿಂದಲೇ ಮಾತಾಡುತ್ತಾರೆ. ಯಾರಾದರೂ ಅದರ ಮೇಲೊಂದು ಥಿಯರಿ ಕಟ್ಟಿದರೆ ನಾನೇನು ಮಾಡಲಿ?)

ಅತ್ತೆ ಒಮ್ಮೆ ಟೀವಿ ನೋಡಿದರು, ಒಮ್ಮೆ ಸೊಸೆಯ ಮುಖ ನೋಡಿದರು. ಪಂಥದ ವಿಷಯ ಅವರಿಗೂ ಗೊತ್ತು. ಎದ್ದು ಸೆರಗು ಸರಿಮಾಡಿಕೊಂಡು, "ನಾನೇನೂ ನೋಡಿಲ್ಲಮ್ಮ. ನೀನುಂಟು, ಅವನುಂಟು" ಎಂದು ತಮ್ಮ ಕೋಣೆಗೆ ಹೋದರು.

೬.

(ಐದು ಎಲ್ಲಿ ಎಂದು ಹುಡುಕಬೇಡಿ. ಐದರಲ್ಲಿ ನಾನು ಗೇಮುಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಓದಿ ನನಗೇ ಆಕಳಿಕೆ ಬಂತು.)

"ಸುಮ್ಮನಿದ್ದುಬಿಡು," ಎಂದೆ ಅವಳಿಗೆ. "ಮೊದಲು ಒತ್ತಿದ್ದು ನೀನು, ಗೆದ್ದಿದ್ದು ನೀನು. ಅಲ್ಲಿ ಮಕ್ಕಳು ಕಾಯ್ತಿದಾರೆ."

"ಮಕ್ಕಳ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸ್ಬೇಡ. ಅವನು ಅಲ್ಲಿ ಭಟ್ಟಿ ಒಡೆಸೋ ಮಾತಾಡ್ತಿದಾನೆ. ಏನೂ ಗೆಲ್ಲದೆ ಅದನ್ನ ಹೇಗೆ ಒಡೆಸ್ಲಿ?"

"ಮೂರು ಕೊನೆ ತಯಾರು ಮಾಡಿದೀನಿ. ಯಾವುದು ಬೇಕೋ ತಗೋ."

ಮೊದಲನೆಯದು: ಅವಳು ಗೇಮನ್ನು ಡಿಲೀಟ್ ಮಾಡುತ್ತಾಳೆ. ಹೊಸ ನಗರಕ್ಕೆ ಹೋಗುತ್ತಾರೆ. ಅವನು ಯಾರದೋ ಬೇಕರಿಯಲ್ಲಿ ಯಾರದೋ ಓವನ್ನಿನ ಗುಂಡಿ ಒತ್ತುತ್ತಾನೆ, ಗೊಣಗುವುದಿಲ್ಲ. ಬಿಡುವಿನ ದಿನ ಅದೇ ಗೇಮನ್ನು ಮತ್ತೆ ಇಳಿಸಿಕೊಂಡು, ಸುಮ್ಮನೆ ಸೂಲಗಿತ್ತಿಯನ್ನು ಒತ್ತುತ್ತಾನೆ.

"ಥೂ, ಬೇಡ," ಎಂದಳು.

ಎರಡನೆಯದು: ಪಂಥ ರದ್ದು ಎನ್ನುತ್ತಾಳೆ. ಆಸ್ಪತ್ರೆಗೆ ಬರುವುದಿಲ್ಲ ಎಂದು ಹೇಳುತ್ತಾಳೆ. ಭಟ್ಟಿ ಉರಿಯುತ್ತದೆ. ಅವಳು ದೊಡ್ಡ ತ್ಯಾಗ ಮಾಡಿದವಳಂತೆ ದಿನಾ ಒಂದಿಷ್ಟು ಮುಖ ಊದಿಸಿಕೊಂಡು ಬನ್ನು ತಿನ್ನುತ್ತಾಳೆ.

"ಅದು ನನ್ನ ಜಾಯಮಾನ ಅಲ್ಲ."

ಮೂರನೆಯದು: ಅಡುಗೆಮನೆಯಲ್ಲಿ ಮಂಜು...

"ಮಂಜಿನ ಹೆಸರೆತ್ತಿದ್ರೆ ನೋಡು!"

೭.

"ಬಾರೋ ಇಲ್ಲಿ," ಎಂದು ಕೂಗಿದಳು.

ಅವನು ಒದ್ದೆ ಕೈ ಅಂಗಿಗೆ ಒರೆಸಿಕೊಳ್ಳುತ್ತ ಬಂದ. ಅವಳು ಅವನ ಕೈಗೆ ಮೌಸ್ ಕೊಟ್ಟು, "ಸೂಲಗಿತ್ತಿನ ಒತ್ತು" ಎಂದಳು. ಒತ್ತಿದ. ಸೂಲಗಿತ್ತಿ ಒಪ್ಪಿಕೊಂಡಳು. ಅವನ ಮುಖ ಅರಳಿತು. "ನಾನು ಹೇಳ್ಲಿಲ್ವಾ, ಆ ಸಿಪ್ಪೆ..." ಎನ್ನುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ತಾನೇ ಮೇಷ್ಟ್ರನ್ನು ಒತ್ತಿದ. ಅಂಚೆಯವನನ್ನು ಒತ್ತಿದ. ಮೌಸನ್ನು ಕೆಳಗಿಟ್ಟ.

"ಯಾರನ್ನ ಒತ್ತಿದ್ರೂ ಅವರೇನಾ?"

"ಹೂಂ. ನಾನೂ ಗೆದ್ದಿಲ್ಲ, ನೀನೂ ಸೋತಿಲ್ಲ."

ಅವನಿಗೆ ಕೋಪ ಬಂತು. ಅವನಿಗೆ ಕೋಪ ಬಂದಿದ್ದನ್ನು ಅವಳು ಎಷ್ಟೋ ದಿನದ ಮೇಲೆ ನೋಡುತ್ತಿದ್ದಳು. "ಮತ್ತೆ ಇಷ್ಟು ಭಾನುವಾರ ಕೂತು ನಾವು ಮಾಡಿದ್ದಾದ್ರೂ ಏನು? ನಾನು ಭಟ್ಟಿ ಒಡೆಸೋಕೆ ರೆಡಿ ಆದ್ನಲ್ಲೇ! ಲೋಟ ತೊಳೀತಾ ಅಲ್ಲಿ ನನ್ನ ಹೊಟ್ಟೆ ಹೇಗೆ ಉರೀತಿತ್ತು ಗೊತ್ತಾ?"

"ಉರೀತಿತ್ತು ಅಂತ ಹೇಳ್ಬೇಕಿತ್ತು."

"ನೀನು ಹೇಳಿದ್ಯಾ ಏನಾದ್ರೂ?"

"ಇಲ್ಲ. ಈಗ ಹೇಳ್ತೀನಿ, ಕೇಳು." ಅವಳು ಟೀವಿ ಆರಿಸಿದಳು. "ನನಗೆ ಹೋಗ್ಬೇಕು ಕಣೋ. ಆ ಕೆಲಸ ನನಗೆ ಬೇಕೇ ಬೇಕು. ನಿನ್ನ ಬಿಟ್ಟು ಹೋಗೋಕೂ ಮನಸ್ಸಿಲ್ಲ, ನಿನ್ನ ಭಟ್ಟಿ ಒಡೆಸೋಕೂ ಮನಸ್ಸಿಲ್ಲ. ಮೂರೂ ನಿಜ. ನಿನಗೇನು ಬೇಕು? ನಿನ್ನಿಷ್ಟ ಅಂದ್ರೆ ಮಾತ್ರ ಈ ಮೌಸ್ ತಗೊಂಡು ತಲೆಗೆ ಎಸೀತೀನಿ."

ಅವನು ಮೌಸನ್ನು ಅವಳ ಕೈಗೆ ಸಿಗದಷ್ಟು ದೂರ ಸರಿಸಿದ. ಆಮೇಲೆ ಬಾಯಿ ತೆರೆದ.

ಅವನ ಉತ್ತರ ನನ್ನ ಬಳಿ ಇದೆ. ಎರಡು ಪುಟ ಬರೆದಿಟ್ಟಿದ್ದೇನೆ. ಓದಿದರೆ ನಿಮ್ಮ ಕಣ್ಣು ತುಂಬಿ ಬರುತ್ತಿತ್ತು, ಆ ಮಟ್ಟಕ್ಕೆ ಬಂದಿದೆ. ಆ ಹಾಳೆ ತೆಗೆದು ಅವನ ಕೈಗೆ ಕೊಡಲು ಹೋದೆ. ಅವನು ನೋಡಲೂ ಇಲ್ಲ. ಅವಳು ನೋಡಿದಳು.

"ನೀನಿನ್ನೂ ಇಲ್ಲೇ ಇದೀಯಾ? ಹೊರಗೆ ನಡಿ. ಹೊಸ್ತಿಲಲ್ಲಿ ಕತ್ತು ಚಾಚ್ಕೊಂಡು ಕೂತಿದಾರಲ್ಲ, ಅವರನ್ನೂ ಕರ್ಕೊಂಡು ಹೋಗು."

ಅವರು ಎಂದರೆ ನೀವು. ಏಳಿ, ಏಳಿ, ಬೇಜಾರು ಮಾಡಿಕೊಳ್ಳಬೇಡಿ. ಚಪ್ಪಲಿ ಮೆಟ್ಟಿಕೊಳ್ಳಿ. ಅತ್ತೆ ನಮಗಿಂತ ಮೊದಲೇ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಾರೆ, ಸ್ವಲ್ಪ ಜಾಗ ಬಿಡಿ ಎಂದು ಕೇಳಿದರೆ ಸರಿಯುತ್ತಾರೆ. ಬಾಗಿಲು ಮುಚ್ಚಿದೆ. ಒಳಗೆ ಇಬ್ಬರೂ ಒಟ್ಟಿಗೆ, ಏರುದನಿಯಲ್ಲಿ, ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದಾರೆ, ಯಾರು ಏನು ಹೇಳುತ್ತಿದ್ದಾರೆಂದು ನನಗೂ ಕೇಳಿಸುತ್ತಿಲ್ಲ.