ಐದು ಬೀಗದ ಬಾಗಿಲು

ಬೀಗ ರಿಪೇರಿ ಮಾಡುವವನ ಮನೆಗೇ ಕಳ್ಳ ನುಗ್ಗಿದ ಎಂದರೆ ಯಾರಾದರೂ ನಗುತ್ತಾರೆ. ನಗಲಿ. ಆದರೆ ಆ ಮನೆಯ ಹೆಂಗಸಿಗೆ ಮೊದಲು ಒಂದು ಕೈ ಮುಗಿದು ಆಮೇಲೆ ನಗಲಿ.

ಎಂಟು ದಿನದ ರಜೆಗೆ ಸಮುದ್ರದ ಕಡೆ ಹೊರಟ ಬೆಳಿಗ್ಗೆ ಅವನು ಮುಂಬಾಗಿಲಿಗೆ ಐದು ಬೀಗ ಜಡಿದ. ಒಂದಂತೂ ಅಂಗೈಯಗಲ. ಕಾಯಬೇಕಾದದ್ದು ನಡುಕೋಣೆಯ ಹಳೇ ಕಂಪ್ಯೂಟರ್. ಅದರೊಳಗೆ ತೀರಿಹೋದ ಅಪ್ಪನ ದನಿಯಿತ್ತು. ಬೀಗದ ಕೆಲಸದಲ್ಲೇ ಕೂದಲು ಹಣ್ಣಾದ ಮುದುಕ ಕೊನೆಯ ವರ್ಷ ಹಾಸಿಗೆಯಲ್ಲಿ ಕೂತೇ ನಲವತ್ತು ಪಾಠ ಹೇಳಿದ್ದ. ಸೊಸೆ ಅಷ್ಟನ್ನೂ ರೆಕಾರ್ಡ್ ಮಾಡಿದ್ದಳು. ಮಗ ಒಂದನ್ನೂ ಕೇಳಿರಲಿಲ್ಲ. ಆ ದನಿ ಕೇಳಿದರೆ ತಡೆದುಕೊಳ್ಳಲಾರೆ ಎಂಬ ಭಯದಲ್ಲಿ ಇವತ್ತು, ನಾಳೆ ಎನ್ನುತ್ತ ವರ್ಷ ಕಳೆದಿದ್ದ.

“ರೀ, ಇಷ್ಟೊಂದು ಬೀಗ ನೋಡಿದ್ರೆ ಒಳಗೆ ನಿಧಿ ಇದೆ ಅಂತ ಕಳ್ಳನಿಗೆ ನಾವೇ ಹೇಳಿದ ಹಾಗಲ್ವಾ? ಮಾವನ ಪಾಠಕ್ಕೆ ಇನ್ನೊಂದು ಕಾಪಿ ಇರ್ಲಿ. ಮತ್ತೆ ಬಾಗಿಲು...”

“ನನಗೇ ಬಾಗಿಲ ವಿಷಯ ಹೇಳ್ತೀಯೇನೇ? ಇದನ್ನ ದಾಟೋ ಗಂಡು ಇನ್ನೂ ಹುಟ್ಟಿಲ್ಲ. ನಡಿ, ಬಸ್ಸು ಹೋಗುತ್ತೆ.”

ಹುಟ್ಟಿದ್ದ. ಅವರು ವಾಪಸು ಬಂದಾಗ ಐದು ಬೀಗಗಳೂ ಗೀರು ಬೀಳದೆ ಕ್ಷೇಮವಾಗಿದ್ದವು. ಕಳ್ಳ ಇನ್ನೊಂದು ಬದಿಯ ಕೀಲುಗಳನ್ನು ಕಳಚಿ, ಬಾಗಿಲನ್ನೇ ಸರಿಸಿ ಒಳಗೆ ಹೋಗಿದ್ದ. ಮೇಜಿನ ಮೇಲೆ ಕಂಪ್ಯೂಟರ್ ಇದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಕಾಣುತ್ತಿತ್ತು.

ಅವನು ಕುಸಿದು ಕೂತ. “ಅಪ್ಪನ್ನ ಎರಡನೇ ಸಲ ಕಳ್ಕೊಂಡೆ ಕಣೇ.”

ಬೇರೆಯವಳಾಗಿದ್ದರೆ ಹುಣ್ಣಿಗೆ ಉಪ್ಪು ಸವರುತ್ತಿದ್ದಳು. ಇವಳು ಮೊದಲು ನೀರು ಕೊಟ್ಟಳು. ಆಮೇಲೆ ಕೈಚೀಲದಿಂದ ಹೆಬ್ಬೆರಳುದ್ದದ ಪೆನ್‌ಡ್ರೈವ್ ತೆಗೆದಳು.

“ಮಾವ ಎಲ್ಲೂ ಹೋಗಿಲ್ಲ. ಇದೊಂದು ನನ್ನ ಹತ್ರ, ಇನ್ನೊಂದು ಅಕ್ಕನ ಮನೇಲಿ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೀನಿ, ಕಳ್ಳ ತಲೆಕೆಳಗಾಗಿ ನಿಂತ್ರೂ ತೆಗೆಯೋಕಾಗಲ್ಲ. ಅದರ ಸೀರಿಯಲ್ ನಂಬರೂ ಬರೆದಿಟ್ಟಿದೀನಿ, ಪೊಲೀಸರಿಗೆ ಕೊಡೋಣ.”

ಎಂಥ ಹೆಂಗಸಪ್ಪ ಇವಳು! ಅವಳು ಪೆನ್‌ಡ್ರೈವನ್ನು ಫೋನಿಗೆ ಸಿಕ್ಕಿಸಿ ಮೊದಲ ಪಾಠ ಹಾಕಿದಳು. ಒಂದು ಕೆಮ್ಮು, ಹಿಂದೆಯೇ ಅಪ್ಪನ ದನಿ.

“ಕೇಳಮ್ಮ. ಬೀಗ ಆಮೇಲೆ, ಮೊದಲು ಕೀಲು ನೋಡು. ಕೀಲು ಹೊರಗಡೆ ಇದ್ರೆ ನೂರು ಬೀಗ ಹಾಕಿದ್ರೂ ದಂಡ. ಹೇಳಿದ್ರೆ ನನ್ನ ಮಗ ಕೇಳಲ್ಲ, ಕೋಪ ಮಾಡ್ಕೋತಾನೆ. ಅದಕ್ಕೇ ನಿನಗೆ ಹೇಳ್ತಿದೀನಿ. ಅವನನ್ನ ನೋಡ್ಕೋ ತಾಯಿ.”

ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಮಾತು ಮುಗಿಸೋಕೆ ಬಿಟ್ರಾ?”

ಬಿಟ್ಟಿರಲಿಲ್ಲ, ಅಪ್ಪನನ್ನೂ. ಅವನು ಎದ್ದು ಹೋಗಿ ಹತ್ಯಾರದ ಪೆಟ್ಟಿಗೆ ತಂದು ಅವಳ ಮುಂದಿಟ್ಟ.

“ಕೀಲು ಎಲ್ಲಿ ಕೂರಿಸ್ಬೇಕು, ತೋರಿಸು. ನಾನು ಬಾಯಿ ಮುಚ್ಕೊಂಡು ಮಾಡ್ತೀನಿ.”