ಬಲೆಯಲ್ಲಿದ್ದವರಿಗೆ ಗುರಾಣಿಯಿಲ್ಲ

ಭಾನುವಾರ ಮಧ್ಯಾಹ್ನ ದರ್ಜಿಯ ಅಂಗಡಿಗೆ ಬೀಗ, ಒಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಯುದ್ಧ. ಅಂಗಿಯ ಗುಂಡಿಗಳೇ ವೀರರು, ರಾಕ್ಷಸರು. ದಾರದ ಉಂಡೆಗಳೇ ಬೆಟ್ಟ. ಕಥೆ ನಡೆಸುವವನೂ ತೀರ್ಪು ಕೊಡುವವನೂ ದರ್ಜಿ. ಆಡುವವರು ಮೂವರು: ನರ್ಸ್ ಆಗಿರುವ ಅವನ ಅಕ್ಕ, ಬಸ್ಸು ಓಡಿಸುವ ಭಾವ, ಹೋದ ವರ್ಷ ಸೇರಿಕೊಂಡ ಔಷಧಿ ಅಂಗಡಿಯವನು. ತಲಾ ಒಂದೊಂದು ಪಾತ್ರ. ಏಟು ಬಿತ್ತೋ ಇಲ್ಲವೋ ಎಂದು ಹೇಳಲು ದಾಳ.

ಅಂದು ದರ್ಜಿಯ ತಲೆಯಲ್ಲಿ ಬೇರೆಯದೇ ಯುದ್ಧ. ಅಕ್ಕ ಓದಲು ಕೂರುತ್ತಿದ್ದ ಹಳೆಯ ಕುರ್ಚಿಯನ್ನು ಭಾವ ಒಂದು ಮಾತೂ ಕೇಳದೆ ಯಾರಿಗೋ ಕೊಟ್ಟುಬಿಟ್ಟಿದ್ದ. ಎಂಟು ದಿನದಿಂದ ಮಾತಿಲ್ಲ, ಕತೆಯಿಲ್ಲ. ಭಾವನ ವಾಸ ದರ್ಜಿಯ ಮನೆಯಲ್ಲಿ, ಗೊರಕೆ ಸಮೇತ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಉಣ್ಣುವುದೂ ಬೇರೆ, ಮಲಗುವುದೂ ಬೇರೆ. ಗಾದೆ ತಾನೇ ಪಾಪ ಏನು ಮಾಡೀತು!

ಆಟದಲ್ಲಿ ಘಟಸರ್ಪವೊಂದು ಭಾವನ ಮಂತ್ರವಾದಿಯ ಮೇಲೆ ಎರಗಿತು. ನಾಲ್ಕು ವರ್ಷ ಬೆಳೆಸಿದ ಪಾತ್ರ. ಈ ಏಟು ಬಿದ್ದರೆ ಮುಗಿಯಿತು. ಪಕ್ಕದಲ್ಲೇ ಅಕ್ಕನ ಯೋಧೆ, ಆದರೆ ಜೇಡರ ಬಲೆಯಲ್ಲಿ ಸಿಕ್ಕಿಕೊಂಡಿದ್ದಾಳೆ.

"ನಾನು ಗುರಾಣಿ ಅಡ್ಡ ಹಿಡೀತೀನಿ," ಅಂದಳು ಅಕ್ಕ, ಗಂಡನ ಕಡೆ ನೋಡದೆ.

ದರ್ಜಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಔಷಧಿಯವನು ನಿಯಮದ ಪುಸ್ತಕ ತೆರೆದ. "ಗುರಾಣಿ ಇರೋರು ಪಕ್ಕದವರ ಏಟನ್ನ ಯಾವಾಗ ಬೇಕಾದ್ರೂ ತಡೀಬಹುದು, ಹದಿನೆಂಟನೇ ಪುಟ. ಬಲೇಲಿ ಸಿಕ್ಕಿದೋರು ಏನೂ ಮಾಡೋ ಹಾಗಿಲ್ಲ, ಅರವತ್ತನೇ ಪುಟ. ಯಾವುದು ಗೆಲ್ಲುತ್ತೆ?"

ಪುಸ್ತಕ ಕೈಕೊಟ್ಟಲ್ಲಿ ದರ್ಜಿ ಕೊಟ್ಟ ತೀರ್ಪನ್ನು ಬೀರುವಿನ ಬಾಗಿಲ ಒಳಮೈಗೆ ಸೀಮೆಸುಣ್ಣದಲ್ಲಿ ಬರೆಯುವುದು ಅವರ ಪದ್ಧತಿ. ಬರೆದದ್ದು ವೀರರಿಗೂ ರಾಕ್ಷಸರಿಗೂ ಒಂದೇ. ಬಾಗಿಲ ಮೇಲೆ ಏನಿದೆಯೆಂದು ದರ್ಜಿಗೆ ನೆನಪಿತ್ತು. ತೆರೆಯದೆ ಇದ್ದುಬಿಡಲೇ? ಒಂದೇ ಒಂದು ಸುಳ್ಳು ತೀರ್ಪು, ಭಾವ ತನ್ನ ಮನೆಗೆ, ತನಗೆ ಕಣ್ತುಂಬ ನಿದ್ದೆ. ಆಸೆಯಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ತೆರೆದ.

"ಬಲೆಯಲ್ಲಿದ್ದವರಿಗೆ ಗುರಾಣಿಯಿಲ್ಲ." ಕೈಬರಹ ಅಕ್ಕನದೇ. ಎರಡು ವರ್ಷದ ಹಿಂದೆ ಬಲೆಗೆ ಬಿದ್ದ ರಾಕ್ಷಸನೊಬ್ಬ ಗುರಾಣಿ ಎತ್ತಿದಾಗ, ಒಂದು ಗಂಟೆ ವಾದಿಸಿ ಗೆದ್ದವಳು ಅವಳೇ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಅಕ್ಕನ ಮುಖ ಬಾಡಿತು.

"ಆಗಲ್ಲ ಅಕ್ಕಾ," ಅಂದ ದರ್ಜಿ. "ಭಾವಾ, ದಾಳ ಉರುಳೋಕೆ ಮುಂಚೆ ನಿಮಗೊಂದು ಸಣ್ಣ ಕೆಲಸ ಮಾಡೋಕೆ ಅವಕಾಶ ಇದೆ."

"ಬೆಟ್ಟದ ಹಿಂದೆ ಹೋಗಿ ಬಚಾವಾಗಿ!" ಔಷಧಿಯವನು ಕೂಗಿದ.

ಭಾವ ತನ್ನ ಗುಂಡಿಯನ್ನು ಅಕ್ಕನ ಗುಂಡಿಯ ಪಕ್ಕಕ್ಕೇ ಸರಿಸಿದ. "ಚಾಕು ತೆಗೆದು ಅವಳ ಬಲೆ ಕತ್ತರಿಸ್ತೀನಿ."

"ನೀವು ಸತ್ರೆ?" ಔಷಧಿಯವನು ಕೇಳಿದ.

"ಸಾಯ್ತೀನಿ. ಕೇಳದೆ ಕೊಟ್ಟಿದ್ದು ತಪ್ಪಾಯ್ತು ಅನ್ನೋಕೆ ಎಂಟು ದಿನದಿಂದ ಬಾಯೇ ಬರ್ಲಿಲ್ಲ. ಇಷ್ಟಾದ್ರೂ ಮಾಡ್ತೀನಿ."

ಎಲ್ಲರೂ ದರ್ಜಿಯ ಕಡೆ ತಿರುಗಿದರು. ಅವನು ಮುಷ್ಟಿ ಬಿಚ್ಚಿ ತೋರಿಸಿದ. "ದಾಳ ಇನ್ನೂ ನನ್ನ ಕೈಯಲ್ಲೇ ಇದೆ. ಬಲೆ ಹೋಯ್ತು ಅಂದ್ಮೇಲೆ ಗುರಾಣಿ ಇದೆ."

ಅಕ್ಕ ಗುರಾಣಿಯೆಂದು ಇಟ್ಟುಕೊಂಡಿದ್ದ ನಾಣ್ಯವನ್ನು ಗಂಡನ ಗುಂಡಿಯ ಮುಂದೆ ಟಕ್ಕೆಂದು ಇಟ್ಟಳು. ಎಂಟು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿದಳು.

"ಕುರ್ಚಿ ವಾಪಸ್ ಬರ್ಬೇಕು," ಅಂದಳು. "ಈಗ ನನ್ನ ಹಿಂದೆ ನಿಂತ್ಕೊಳ್ಳಿ."