ಪಾಟೀಲರ ಮನೆಯ ಕೌದಿ

"ಏ ಕೌಸಿ, ಕೈ ತಗಿ ಅದರ ಮ್ಯಾಲಿಂದ! ನಿಮ್ಮೋಣ್ಯಾಗಿನ ಹಾಸಿಗಿ ಅಂತ ತಿಳ್ದಿ ಏನ? ಮ್ಯೂಜಿಯಂ ಮಾಲ್ ಅದ ಅದು!"

ಖಟಕ ಚಿಂಚೋಳಿಯ ಶಿವರಾಜಪ್ಪ ಪಾಟೀಲ ಹೀಗೆ ಕೂಗಿದಾಗ ನನ್ನ ಅವ್ವ ಕೌಸಲ್ಯಾಬಾಯಿ ಮೇಜಿನ ಮೇಲೆ ಹರವಿದ್ದ ಕೌದಿಯ ಅಂಚನ್ನು ಸವರುತ್ತಿದ್ದಳು. ಹಳೆ ಬಟ್ಟೆಯ ತುಂಡು ಜೋಡಿಸಿ ಎರಡು ವರ್ಷ ಕೂತು ತಾನೇ ಹೊಲಿದ ಕೌದಿ. ಹನ್ನೊಂದು ವರ್ಷ ತಾನೇ ಹೊದ್ದು ಮಲಗಿದ ಕೌದಿ. ಬೈಸಿಕೊಂಡು ಕೈ ಹಿಂದೆ ತೆಗೆದಳು. ನಾನು ಅದೇ ಕೋಣೆಯ ಮೂಲೆಯಲ್ಲಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದೆ. ಬೀದರಿನ ಮಾಂಜ್ರಾ ಕಲಾ ಸಂಗ್ರಹಾಲಯದಲ್ಲಿ ನಾನು, ವಿಶಾಖಾ, ಬಿ.ಎ. ಪಾಸಾಗಿ ಕಸ ಗುಡಿಸುವವಳು. ಅದೂ ಗುತ್ತಿಗೆಯ ಮೇಲೆ.

ಇದಕ್ಕೆಲ್ಲ ಕಾರಣ ನನ್ನ ಬಾಯಿ. ಸುವರ್ಣಾ ಮೇಡಂ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಸಂಗ್ರಹಾಲಯಕ್ಕೆ ಯಾವ ವಸ್ತು ತರಬೇಕು, ಯಾವುದು ಬೇಡ ಎಂದು ಗೊತ್ತುಮಾಡಿ ಸಮಿತಿಯ ಮುಂದಿಡುವುದು ಅವರ ಕೆಲಸ. ಹೋದ ಚಳಿಗಾಲದಲ್ಲಿ ಕೌದಿ ಹುಡುಕುತ್ತ ಜೀಪಿನಲ್ಲಿ ಔರಾದ, ಕಮಲನಗರ ಎಲ್ಲ ಸುತ್ತಿ ಬರಿಗೈಯಲ್ಲಿ ಬಂದು ಕೂತಿದ್ದರು. ಅವರ ಮೇಜಿನ ಕೆಳಗೆ ಒರೆಸುತ್ತಿದ್ದವಳು ಸುಮ್ಮನೆ ಒರೆಸಬೇಕಿತ್ತು. "ನಮ್ಮವ್ವ ಹೊಲಿತಾಳ್ರಿ ಮೇಡಂ" ಅಂದುಬಿಟ್ಟೆ.

ಮರುದಿನವೇ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಖಟಕ ಚಿಂಚೋಳಿಯ ನಮ್ಮ ಮನೆಗೆ ಬಂದರು. ಅವ್ವ ಹಾಸಿಗೆಯ ಗಂಟು ಬಿಚ್ಚಿ ಕೌದಿ ಹರವಿದಾಗ ಆ ಹೆಂಗಸು ನೆಲದ ಮೇಲೆಯೇ ಕೂತುಬಿಟ್ಟರು. ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬಂದು ನಿಲ್ಲುವ ಹೊಲಿಗೆ, ಜೋಳದ ಕಾಳಿಗಿಂತ ಸಣ್ಣದು. "ಇದು ಗೋಡೆ ಮೇಲಿರಬೇಕಾದ್ದು" ಅಂದರು. ನನಗೆ ಎದೆ ಉಬ್ಬಿತು. ಚಹಾ ಮಾಡಲು ಒಳಗೆ ಹೋದೆ. ಅಷ್ಟರಲ್ಲಿ ಮೇಡಂ ಪೆನ್ನು ತೆಗೆದು ಕೇಳಿದ್ದಾರೆ:

"ಇದು ಯಾರದಮ್ಮ?"

"ಪಾಟೀಲ್ರ ಮನಿದ್ರಿ" ಅಂದಿದ್ದಾಳೆ ಅವ್ವ.

ಕೌದಿ ಹೊಲಿಯುವವರು ಹಾಗೇ ಹೇಳುವುದು. ಹೊಲಿದವಳ ಹೆಸರು ಯಾವ ಕೌದಿಗೂ ಹತ್ತುವುದಿಲ್ಲ. ಬಟ್ಟೆ ಯಾರ ಮನೆಯಿಂದ ಬಂತೋ ಆ ಮನೆಯ ಹೆಸರೇ ಅದಕ್ಕೆ. ಮಾಸ್ತರ ಮನೆ ಕೌದಿ, ಅಂಗಡಿಯವರ ಮನೆ ಕೌದಿ, ಪಾಟೀಲರ ಮನೆ ಕೌದಿ. ಕೌದಿ ಹೊದ್ದು ಮಲಗುವುದು ಅವ್ವನೇ ಆದರೂ ನಾಲಿಗೆಗೆ ಅದೇ ರೂಢಿ. ಮೈಸೂರಿನ ಮೇಡಂಗೆ ಇದೆಲ್ಲಿಂದ ಗೊತ್ತಾಗಬೇಕು? ಅರ್ಜಿಯಲ್ಲಿ ಮಾಲೀಕರು ಎಂಬ ಸಾಲಿನ ಎದುರು ಪಾಟೀಲ ಎಂದು ಬರೆದರು. ನೋಡಲಿಕ್ಕೆ ಅಂತ ಕೌದಿ ಒಯ್ದರು. ನಾನು ಒಳಗೆ ಸಕ್ಕರೆ ಹುಡುಕುತ್ತಿದ್ದೆ. ಆ ಚಹಾಕ್ಕೆ ಬೆಂಕಿ ಬೀಳಲಿ.

ಆ ಬಟ್ಟೆ ಬಂದದ್ದಾದರೂ ಹೇಗೆ? ಪಾಟೀಲರ ದೊಡ್ಡ ಮನೆಯಲ್ಲಿ, ಅಂದರೆ ವಾಡೆಯಲ್ಲಿ, ಯಾರಾದರೂ ಸತ್ತರೆ ಅವರು ಉಟ್ಟದ್ದು, ಹಾಸಿದ್ದು, ಹೊದ್ದದ್ದನ್ನೆಲ್ಲ ಗಂಟು ಕಟ್ಟಿ ನಮ್ಮ ಓಣಿಯ ಬಾಯಿಗೆ ತಂದು ಒಗೆಯುತ್ತಿದ್ದರು. ಎತ್ತಿಕೊಳ್ಳುವುದು ನಮ್ಮ ಮನೆತನದ ಪಾಲು. ಪಾಟೀಲನ ಅಜ್ಜಿ ಗುರಮ್ಮನ ಇಳಕಲ್ ಸೀರೆ, ಅಜ್ಜನ ರುಮಾಲು, ಅಪ್ಪನ ಧೋತರ. ಅವ್ವ ಮೂರು ಸಲ ಕುದಿಸಿ ಒಗೆದು, ಬಿಸಿಲಿಗೆ ಹಾಕಿ, ಕತ್ತರಿಸಿ ಹೊಲಿದಳು.

ಸಂಗ್ರಹಾಲಯದಿಂದ ಪಾಟೀಲನಿಗೆ ಕಾಗದ ಹೋಯಿತು. ವಸ್ತು ಯಾರದು, ಮಾಡಿದವರು ಯಾರು, ಮನೆಗೆ ಹೇಗೆ ಬಂತು ಎಂದು ಬರೆದು ದಾನಪತ್ರಕ್ಕೆ ಸಹಿ ಹಾಕಬೇಕಂತೆ. ವಾಡೆಯ ಹೆಂಗಸರು ಹಳೆ ಸೀರೆ ಕೊಟ್ಟು ಅವ್ವನಿಂದ ಕೌದಿ ಹೊಲಿಸುವುದು ಅವನಿಗೆ ಗೊತ್ತಿತ್ತು. ಇದೂ ಅಂಥದ್ದೇ ಇರಬೇಕು ಎಂದುಕೊಂಡ. ಕಂಡಿರದ ಕೌದಿಗೆ ಒಂದು ಪುಟ ತುಂಬ ಬರೆದ. ನಮ್ಮ ಪೂಜ್ಯ ಅಜ್ಜಿ ಗುರಮ್ಮನವರು ಸ್ವಂತ ಕೈಯಿಂದ ಹೊಲಿದದ್ದು, ನಮ್ಮ ವಾಡೆಯ ಪರಂಪರೆ, ನಾಡಿಗೆ ಸಮರ್ಪಣೆ. ಗೋಡೆಗೆ ಹಾಕುವ ಫಲಕ ಅಚ್ಚಾಗಿ ಬಂದ ದಿನ ಅದರ ಧೂಳು ಒರೆಸಿದ್ದು ನಾನೇ. ಕಲಾವಿದೆ: ಗುರಮ್ಮ ಪಾಟೀಲ. ಜೀವಮಾನದಲ್ಲಿ ಹರಿದ ಕುಪ್ಪಸಕ್ಕೆ ಗುಂಡಿ ಹಚ್ಚದ ಹೆಂಗಸು!

ಮೇಡಂ ಹತ್ತಿರ ಓಡಿದೆ. ಪಾಪ, ಅವರು ಬೈಯಲಿಲ್ಲ.

"ಪಾಟೀಲರ ಮನೆಯದು ಅಂತ ನಿಮ್ಮ ಅಮ್ಮನೇ ಹೇಳಿದರಲ್ಲ ವಿಶಾಖಾ. ಈಗ ಬದಲಾಯಿಸಬೇಕು ಅಂದ್ರೆ ಪಾಟೀಲರಿಂದಲೇ ಒಂದು ಪತ್ರ ಬೇಕು. ತಗೊಂಡು ಬಾ, ನೋಡೋಣ."

ಭಾನುವಾರ ಅವ್ವನನ್ನು ಕರೆದುಕೊಂಡು ವಾಡೆಗೆ ಹೋದೆ. ಪಾಟೀಲ ಮೇಲೆ ಕಟ್ಟೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾವು ಮೆಟ್ಟಿಲ ಕೆಳಗೆ, ಬಿಸಿಲಲ್ಲಿ.

"ಪಾಟೀಲ್ರ, ಕೌದಿ ಹೊಲಿದಾಕಿ ನಾ ಅಂತ ಒಂದ್ ಚೀಟಿ ಬರ್ದ್ ಕೊಡ್ರಿ" ಅಂದಳು ಅವ್ವ.

"ಬಟ್ಟಿ ಯಾರ್ದು?"

"ನಿಮ್ದೇರಿ."

"ಹೊಲಿಲಾಕ ಕುಂತಾಗ ತಿಂದ ಜ್ವಾಳ?"

"ಅದು ಭೀ ನಿಮ್ದೇರಿ."

"ದಾರ?"

ಸುಳ್ಳು ಹೇಳೇ, ಅಂತ ಮನಸ್ಸಿನಲ್ಲೇ ಕೂಗಿದೆ. ಆದರೆ ಅವ್ವನಿಗೆ ಸುಳ್ಳು ಬರುವುದಿಲ್ಲ. "ಗುರಮ್ಮಾಯಿ ಸೀರಿ ಅಂಚಿಂದೇ ಎಳಿ ಬಿಚ್ಚೇನ್ರಿ."

ಪಾಟೀಲ ತೊಡೆ ತಟ್ಟಿ ನಕ್ಕ. "ಮತ್ತ ಅದರಾಗ ನಿಂದೇನದ, ಬೋಸುಡಿ? ತೂತ? ಸೂಜಿ ಚುಚ್ಚಿದ್ ತೂತ ನಿಂದು, ತಗೊಂಡ್ ಹೋಗು. ಮಗಳಿಗಿ ನಾಕ್ ಅಕ್ಷರ ಕಲಿಸ್ದಿ, ಈಗ ನಮ್ಮಜ್ಜಿ ಹೆಸರ ಕೆಡಸಲಾಕ ಬಂದಾಳ."

ಭಾಲ್ಕಿ ಬಸ್ ಸ್ಟ್ಯಾಂಡಿನವರೆಗೆ ಅವ್ವ ನನ್ನನ್ನು ಬೀದರಿಗೆ ಕಳಿಸಲು ಬಂದಳು. ಅಲ್ಲಿ ಮಂದಿಯ ನಡುವೆಯೇ ನಾನು ಒದರಾಡಿದೆ. "ಸತ್ತೋರ ಬಟ್ಟಿ ಅಂತ ಯಾಕ ಹೇಳ್ಲಿಲ್ಲ? ಹೇಳಿದ್ರ ಅವ ಅಲ್ಲೇ ಕೌದಿ ಬಿಟ್ಟ್ ಓಡ್ತಿದ್ದ!"

"ಅವ ಓಡ್ತಾನ, ಖರೇ. ನಿಮ್ಮ ಮೇಡಂ ಭೀ ಕೌದಿ ತಿಪ್ಪಿಗಿ ಒಗಿತಾಳ" ಅಂದಳು ಅವ್ವ. "ಗ್ವಾಡಿ ಮ್ಯಾಲ ಇರ್ಲಿ ಬಿಡ. ಯಾರ್ ಹೆಸರ್ಲೆ ಆದ್ರ ಏನ? ನಾಕ್ ಮಂದಿ ನಿಂತ್ ನೋಡ್ತಾರ."

"ನಿನ್ನ ಹೆಸರವ್ವಾ?"

"ಹೆಸರ್ ತಗೊಂಡ್ ಏನ್ ಹೊದ್ಕೊಂಡ್ ಮಲಗ್ಲಿ?"

ಹೀಗೆ ಹೇಳಿದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಬಸ್ಸು ಹತ್ತಿ ಹಿಂದೆ ನೋಡಲಿಲ್ಲ.

ದಾನ ಸ್ವೀಕರಿಸುವ ದಿನ ಮೇಡಂ ಅವ್ವನನ್ನೂ ಕರೆಸಿದರು. ಕೌದಿ ಹೊಲಿಯುವ ಬಗೆ ತೋರಿಸಲು, ಫೋಟೋಕ್ಕೆ, ಒಬ್ಬ ಹಳ್ಳಿ ಹೆಂಗಸು ಬೇಕಾಗಿತ್ತಂತೆ. ಅವತ್ತೇ ಪಾಟೀಲ ಕೈ ತಗಿ ಎಂದು ಕೂಗಿದ್ದು. ಕೈ ತೆಗೆದ ಅವ್ವನ ಕೈಗೆ ಸೂಜಿ, ಬ್ಲೇಡು, ಒಂದು ತುಂಡು ಬಟ್ಟೆ ಕೊಟ್ಟು ನೆಲದ ಮೇಲೆ ಕೂರಿಸಿದರು. ಸಮಿತಿಯ ಮೂವರು ಕುರ್ಚಿಯಲ್ಲಿ ಕೂತಿದ್ದರು. ಉಗ್ರಾಣದ ಬದ್ರೋದ್ದೀನ ಚಾಚಾ ಹಿಂದಿನ ದಿನವೇ ದೊಡ್ಡ ರಿಜಿಸ್ಟರಿನಲ್ಲಿ ಬರೆದು, ಸಂಖ್ಯೆ ಹಾಕಿದ ಬಿಳಿ ಪಟ್ಟಿಯೊಂದನ್ನು ಕೌದಿಯ ಮೂಲೆಗೆ ಹೊಲಿದಿದ್ದರು. ನಾಲ್ಕುನೂರ ಹನ್ನೆರಡು.

ಫೋಟೋದವನು ಪಾಟೀಲನಿಗೆ ಕೌದಿ ಹೊದಿಸಿದ. "ಸ್ವಲ್ಪ ಭಾವ ಬರಲಿ ಸರ್" ಅಂದ. ಪಾಟೀಲ ಕೌದಿಯ ಅಂಚನ್ನು ಗಲ್ಲಕ್ಕೆ ಒತ್ತಿ ಕಣ್ಣು ಮುಚ್ಚಿದ.

"ಅಜ್ಜಿ ವಾಸನಿ ಇನ್ನಾ ಅದ ನೋಡ್ರಿ ಇದರಾಗ."

"ಅಜ್ಜಿದಲ್ರಿ ಅದು."

ನೆಲದಿಂದ ಬಂದ ಮಾತು. ಅವ್ವ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು, ತಲೆ ಎತ್ತಲಿಲ್ಲ.

"ಗಲ್ಲಕ್ಕ ಹಚ್ಚೀರಲ್ಲ, ಬಿಳಿ ತುಂಡು, ಅದು ನಿಮ್ಮಪ್ಪಾರು ಕಡೀ ದಿನ ಉಟ್ಟ ಧೋತರರಿ. ಮೂರ್ ತಿಂಗ್ಳ ಹಾಸಿಗಿ ಹಿಡ್ದಿದ್ರಲ್ಲ, ಎಲ್ಲಾ ಅದರಾಗೇ ಆಗ್ತಿತ್ತು. ನೀವೇ ಕೋಲಿಲೆ ಎತ್ತಿಸಿ ನಮ್ಮೋಣಿ ಬಾಯಿಗಿ ಒಗಸ್ದಿರಿ. ಅಂಜಬ್ಯಾಡ್ರಿ, ಮೂರ್ ಸಲ ಕುದಿಸಿ ಒಗದೇನಿ. ಹೆಗಲ ಮ್ಯಾಲಿಂದು ನಿಮ್ಮಜ್ಜಿ ಸತ್ತಾಗಿನ ಸೀರಿ."

ಪಾಟೀಲ ಕೌದಿಯನ್ನು ಕೊಡವಿ ಎಸೆದ. ನಾನು ಆಗಷ್ಟೇ ಒರೆಸಿದ ಹಸಿ ನೆಲದ ಮೇಲೆ ಬಿತ್ತು. "ನೀರ್ ಕೊಡ್ರಿ! ನೀರ್!" ಎಂದು ಗಲ್ಲ ತಿಕ್ಕಿಕೊಳ್ಳತೊಡಗಿದ. ಅವನ ಬಾಯಿಂದ ನಮ್ಮ ಜಾತಿಯ ಹೆಸರು ಬಂತು, ಅದರ ಹಿಂದೆ ರಂಡಿ, ಅದರ ಹಿಂದೆ ನನ್ನ ಹೆಸರು. "ಇದು ನಮ್ಮ ಮನಿದಲ್ಲ! ನಮ್ಮಜ್ಜಿ ಹೊಲಿದಿದ್ದಲ್ಲ! ನನ್ನ ಸಹಿ ಹೊಡದ್ ಹಾಕ್ರಿ!"

ಗೆದ್ದೆವು ಅಂದುಕೊಂಡೆ ನಾನು, ಹುಚ್ಚಿ. "ಕೇಳಿದ್ರಲ್ಲ ಮೇಡಂ, ಅವ್ರೇ ಅಂದ್ರು. ಈಗ ನಮ್ಮವ್ವನ ಹೆಸರ್ ಬರೀರಿ."

ಸಮಿತಿಯವರು ಗುಸುಗುಸು ಮಾತಾಡಿಕೊಂಡರು. ಮೇಡಂ ಕೌದಿಯನ್ನು ಎತ್ತಿ, ಮಗುವಿನ ಹಾಗೆ ಮಡಚಿ ಮೇಜಿನ ಮೇಲಿಟ್ಟರು.

"ವಿಶಾಖಾ, ದಾನಪತ್ರ ನಿನ್ನೆಯೇ ದಾಖಲಾಗಿದೆ. ಸಂಖ್ಯೆ ಬಿದ್ದ ಮೇಲೆ ಅದು ಸಂಗ್ರಹಾಲಯದ್ದು. ಹೊರಗೆ ಹಾಕೋದಕ್ಕೆ ಬೆಂಗಳೂರಿಂದ ಮಂಜೂರಾತಿ ಬರಬೇಕು. ಹೆಸರಿನ ವಿಷಯ ಮುಂದಿನ ಸಭೆಗೆ ಇಡ್ತೀನಿ. ಸತ್ತವರ ಬಟ್ಟೆ ಅಂತ ಗೊತ್ತಾಗಿದ್ದು ಒಳ್ಳೆಯದೇ ಆಯ್ತು, ತುಂಬ ಅಪರೂಪ ಇದು. ಫಲಕದಲ್ಲಿ ಒಂದು ಸಾಲು ಸೇರಿಸ್ತೀವಿ."

"ಸಭಾ ಯಾವಾಗರಿ?"

"ಆರು ತಿಂಗಳಿಗೆ."

"ಅಲ್ಲಿತನಕ ಯಾರ್ ಹೆಸರಿರ್ತದ?"

ಮೇಡಂ ನನ್ನ ಮುಖ ನೋಡಲಿಲ್ಲ. "ಅಚ್ಚಾಗಿದೆಯಲ್ಲ, ಅದೇ ಇರುತ್ತೆ."

ಅವ್ವ ಎದ್ದಳು. ಮೇಜಿನ ಹತ್ತಿರ ಹೋಗಿ, ಆ ಬಿಳಿ ಪಟ್ಟಿಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕೊಯ್ದಳು. ಅವಸರ ಮಾಡಲಿಲ್ಲ, ಕೌದಿಯ ಒಂದು ಎಳೆಯೂ ಹರಿಯದ ಹಾಗೆ ಕೊಯ್ದಳು. ಪಟ್ಟಿಯನ್ನು ಮೇಡಂ ಕೈಗೆ ಕೊಟ್ಟಳು.

"ಈ ಹೊಲಗಿ ನಿಮ್ದರಿ, ಇಟ್ಗೋರಿ. ಉಳಿದಿದ್ದು ನಾ ಹೊಲಿದೇನಿ, ನಾ ಒಯ್ತೇನಿ."

ಕೌದಿಯನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಟೇಬಿಟ್ಟಳು. ನೆಲ ಒರೆಸುವ ಕೋಲು ಹಿಡಿದೇ ನಾನೂ ಬೆನ್ನು ಹತ್ತಿದೆ. ಬದ್ರೋದ್ದೀನ ಚಾಚಾ ಓಡುತ್ತ ಹಿಂದೆ ಬಂದರು. "ಅಕ್ಕಾ, ಗೇಟ್ ಪಾಸ್ ಇಲ್ದ ಹ್ಯಾಂಗ ಬಿಡ್ಲಿ? ರಿಜಿಸ್ಟರದಾಗ ನನ್ನ ಅಕ್ಷರ ಅದ, ನನ್ನ ನೌಕರಿ ಹೋಗ್ತದ!" ಎಂದು ದೊಡ್ಡ ಗೇಟಿನ ಅಗಳಿ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು, ಆದರೂ ಹಾಕಿದರು. ಒಳಗಿನಿಂದ ಸಮಿತಿಯವನೊಬ್ಬ ಫೋನಿನಲ್ಲಿ ಪೊಲೀಸರಿಗೆ ಹೇಳುವುದು ಕೇಳಿಸಿತು: ಕಳವು, ಹೌದು, ಸರ್ಕಾರಿ ಸ್ವತ್ತು.

ಆಗಲೇ ಪಾಟೀಲನ ಕಾರು ಬಂತು. ಅವನಿಗೆ ಊರು ಮುಟ್ಟಿ ಮೈ ತೊಳೆಯುವ ಅವಸರ. ಡ್ರೈವರ್ ಹಾರ್ನ್ ಒತ್ತಿದ. ಪಾಟೀಲನಿಗೆ ಗೇಟು ತೆಗೆಯದೆ ಇರಲು ಚಾಚಾಗೆ ಎದೆಗಾರಿಕೆ ಎಲ್ಲಿಂದ ಬರಬೇಕು? ಅಗಳಿ ಸರಿಸಿದರು.

ಗೇಟು ತೆರೆದಿತ್ತು. ಅವ್ವ ಹೊರಗೆ ಓಡಬಹುದಿತ್ತು. "ಓಡವ್ವಾ!" ಎಂದು ನಾನೇ ಕೂಗಿದೆ.

ಅವ್ವ ಓಡಲಿಲ್ಲ. ತಲೆಯ ಮೇಲಿನ ಕೌದಿ ಇಳಿಸಿ ಒಂದು ಸಲ ಝಾಡಿಸಿ, ಗೇಟಿನ ನಡುವೆ ಡಾಂಬರಿನ ಮೇಲೆ ಉದ್ದಕ್ಕೆ ಹಾಸಿದಳು. ಸುಕ್ಕು ಸವರಿದಳು. ಅದರ ನಡುವೆ ಕೂತಳು.

"ಹಾಯಿಸ್ರಿ ಪಾಟೀಲ್ರ. ಈ ಕಡಿ ಗಾಲಿಗಿ ನಿಮ್ಮಪ್ಪ ಇದ್ದಾರ, ಆ ಕಡಿ ನಿಮ್ಮಜ್ಜಿ. ನಡುವ ನಾ ಇದ್ದೇನಿ. ಹಾಯಿಸ್ರಿ."

ಪಾಟೀಲ ಗಾಜು ಏರಿಸಿಕೊಂಡ. ಡ್ರೈವರ್ ಹಿಂದೆ ತಿರುಗಿ ಅವನ ಮುಖ ನೋಡಿದ. ಮೆಟ್ಟಿಲ ಮೇಲಿಂದ ಮೇಡಂ "ಬೇಡ, ಬೇಡ! ಅದು ಸಂಗ್ರಹದ ವಸ್ತು, ಹಾಳಾಗತ್ತೆ!" ಎಂದು ಚೀರಿದರು. ಮೇ ತಿಂಗಳ ಡಾಂಬರು. ಕೂತಲ್ಲೇ ಅವ್ವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಡ್ರೈವರ್ ಇಂಜಿನ್ ಬಂದ್ ಮಾಡಲಿಲ್ಲ. ಕಾರು ಒಂದು ಸಲ ಮುಂದಕ್ಕೆ ಜಗ್ಗಿ ಕೌದಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಾನು ಕೋಲನ್ನು ಅಲ್ಲೇ ಬಿಟ್ಟು, ಚಪ್ಪಲಿ ಕಳಚಿ, ಹೋಗಿ ಅವ್ವನ ಪಕ್ಕ ಕೂತೆ.